ಕಾಲುಂಗುರ ತೊಟ್ಟ ಮೀನು, ಕಪಾಟು ಸೇರಿದ ಬಲೆ

ಮೀನು ರಕ್ಷಣೆಯ ಅಧಿಕಾರಿಗಳಿಗೆ,
ಕಲಬುರಗಿ
೩ ಆಗಸ್ಟ್ ೧೯೫೩

ಮಾನ್ಯರೇ,

ನನ್ನ ಅಪ್ಪನ ಬಲೆಯನ್ನು ವಾಪಸು ಕೊಡಿ.

ಕೊನೆಯಲ್ಲಿ ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಟ್ಟೆ. ಕಚೇರಿಗಳಲ್ಲಿ ಅರ್ಜಿಯ ಮೊದಲ ಸಾಲು ದಾಟಿ ಯಾರೂ ಓದುವುದಿಲ್ಲ ಎಂದು ಅನುಭವಸ್ಥರು ಹೇಳುತ್ತಾರೆ. ತಮ್ಮ ವಿಷಯದಲ್ಲಿ ಮಾತ್ರ ಈ ಮಾತು ಶುದ್ಧ ಸುಳ್ಳು. ಏಪ್ರಿಲ್ ತಿಂಗಳಲ್ಲಿ ನಾನು ಬರೆದು ತಮ್ಮ ಮೇಜಿನ ಮೇಲಿಟ್ಟ ನಾಲ್ಕು ಪುಟದ ಅರ್ಜಿಯನ್ನು ತಾವು ಒಂದಕ್ಷರ ಬಿಡದೆ ಓದಿದಿರಿ. ಹೈದರಾಬಾದ್ ಸಂಸ್ಥಾನದಲ್ಲಿ ಇಷ್ಟು ಶ್ರದ್ಧೆಯಿಂದ ಓದಿಸಿಕೊಂಡ ಅರ್ಜಿ ಇನ್ನೊಂದು ಇರಲಾರದು. ಓದಿ, ಮಡಚಿ, ಕಿಸೆಯಲ್ಲಿಟ್ಟುಕೊಂಡು, ಅದರಲ್ಲಿ ಬರೆದಿದ್ದ ದಾರಿ ಹಿಡಿದು ಬಂದು, ನಾವು ಕಾಪಾಡಿಕೊಂಡಿದ್ದ ಮೀನನ್ನೇ ಹಿಡಿದಿರಿ. ಆಮೇಲೆ ಅದನ್ನು ಕಾಪಾಡಿದ ತಪ್ಪಿಗೆ ನನ್ನ ಅಪ್ಪನ ಮೇಲೆ ಕೇಸು ಹಾಕಿಸಿದಿರಿ. ಇದೇ ನನ್ನ ದೂರು. ಮುಂದಿನದೆಲ್ಲ ಅದರ ವಿವರಣೆ.

ತಮಗೆ ನನ್ನ ಅರ್ಜಿ ನೆನಪಿದ್ದರೂ ನಾನು ನೆನಪಿರಲಿಕ್ಕಿಲ್ಲ. ನಾನು ಕಮಲಾಪುರದ ಅಂಬಿಗರ ಓಣಿಯ ಮಾಪಣ್ಣನ ಮಗ. ನಮ್ಮ ಓಣಿಯಲ್ಲಿ ನಲವತ್ತು ಮನೆ, ನಲವತ್ತೂ ಊರ ಹಿಂದಿನ ಹಿರಿಕೆರೆಯನ್ನೇ ನಂಬಿದವು. ಅವರಲ್ಲಿ ನಾನೊಬ್ಬ ದಾರಿ ತಪ್ಪಿ ಶಾಲೆಗೆ ಹೋದೆ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಲಿತೆ, ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಕನ್ನಡ ತಿದ್ದಿಕೊಂಡೆ, ಈಗ ಕಲಬುರಗಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನನ್ನ ಬಾಡಿಗೆ ಕೋಣೆ. ಒಳಗೆ ಮೀನು ಬೇಯಿಸಕೂಡದೆಂಬ ಕರಾರಿನ ಮೇಲೆ ಕೊಟ್ಟ ಕೋಣೆಯದು. ಹಾಗಾಗಿ ಮೀನು ರಕ್ಷಣೆಯ ಕೆಲಸದಲ್ಲಿ ನಾನು ತಮಗಿಂತ ಹಿರಿಯ ನೌಕರ ಎಂದು ಧೈರ್ಯವಾಗಿ ಹೇಳಬಲ್ಲೆ.

ಈ ವರ್ಷ ಬೇಸಿಗೆಯ ಆರಂಭದಲ್ಲಿ ತಮ್ಮ ಕಚೇರಿಯ ಹುಕುಂ ಕಮಲಾಪುರಕ್ಕೆ ಬಂತು. ಕೆರೆಯ ಕಟ್ಟೆಯ ಮೇಲಿನ ಬೇವಿನ ಮರಕ್ಕೆ ಅದನ್ನು ಮೊಳೆ ಹೊಡೆದು ಹಚ್ಚಿದರು. ಉರ್ದುವಿನಲ್ಲಿ ಒಂದು ಕಾಗದ, ಇಂಗ್ಲಿಷಿನಲ್ಲಿ ಒಂದು. ಕನ್ನಡದಲ್ಲಿ ಇರಲಿಲ್ಲ, ಹಿರಿಕೆರೆಯ ಮೀನುಗಳಿಗೆ ಕನ್ನಡ ಬಾರದೆಂದು ತಮಗೆ ಯಾರೋ ಹೇಳಿರಬೇಕು. ಊರಿಗೆ ಹೋಗಿದ್ದ ನಾನೇ ನಿಂತು ಓದಿ ಹೇಳಿದೆ. ಮೀನಿನ ಸಂತತಿ ಕಡಿಮೆಯಾಗುತ್ತಿರುವುದರಿಂದ, ಮೃಗಶಿರೆಯ, ಅಂದರೆ ನಮ್ಮ ಮಿರಗದ, ಮಳೆಯಿಂದ ಹಿಡಿದು ಮುಂದಿನ ಆದೇಶ ಬರುವವರೆಗೆ ಕೆರೆಯಲ್ಲಿ ಬಲೆ ಬೀಸುವುದು ಅಪರಾಧ. ಆದರೆ ಪರವಾನಗಿ ಪಡೆದ ಮಹನೀಯರು ಕೋಲು ಮತ್ತು ಗಾಳದಿಂದ, ಮನರಂಜನೆಯ ಸಲುವಾಗಿ, ಹಿಡಿಯಬಹುದು. ಪರವಾನಗಿಗೆ ಇಬ್ಬರು ದೊಡ್ಡ ಅಧಿಕಾರಿಗಳ ಶಿಫಾರಸು ಬೇಕು.

ನನ್ನ ಅಪ್ಪ ತಲೆ ಕೆರೆದುಕೊಂಡ.

"ಅಂದ್ರ ಹಸಿದಾಂವ ಹಿಡೀಬಾರ್ದು, ಹೊಟ್ಟಿ ತುಂಬಿದಾಂವ ಹಿಡೀಬಹುದು. ಹಂಗೇನು?"

"ಹಂಗೇ ಯಪ್ಪಾ."

"ಮತ್ತೊಮ್ಮೆ ಓದು. ಎಲ್ಲೋ ತಪ್ಪಿ ಓದೀದಿ ನೀ."

ಮತ್ತೊಮ್ಮೆ ಓದಿದೆ. ಉರ್ದು ಕಾಗದ ಬಿಟ್ಟು ಇಂಗ್ಲಿಷ್ ಕಾಗದವನ್ನೂ ಓದಿದೆ. ಎರಡು ಭಾಷೆಗಳಲ್ಲೂ ಅದೇ ಅರ್ಥ ಬಂತು. ಹೊಟ್ಟೆಗೆಂದು ಹಿಡಿದರೆ ಕಳ್ಳತನ, ಹೊತ್ತು ಹೋಗದೆ ಹಿಡಿದರೆ ಕ್ರೀಡೆ. ಮೀನಿನ ಕಡೆಯಿಂದ ನೋಡಿದರೆ ಈ ಎರಡರಲ್ಲಿ ವ್ಯತ್ಯಾಸವೇನು ಎಂದು ತಮ್ಮ ಇಲಾಖೆ ಯಾವುದಾದರೂ ಮೀನನ್ನು ವಿಚಾರಿಸಿದೆಯೇ?

ಗಾಳದ ಶೋಕಿ ನಮಗೆ ಹೊಸದಲ್ಲ. ಜಹಗೀರದಾರರ ಕಾಲದಲ್ಲೂ ಇತ್ತು. ಅವರು ವರ್ಷಕ್ಕೆ ಎರಡು ಸಲ ಹೈದರಾಬಾದಿನಿಂದ ಬಂದು, ಕಟ್ಟೆಯ ಮೇಲೆ ಕುರ್ಚಿ ಹಾಕಿಸಿ, ನಮ್ಮೂರ ಆಳು ಕರೀಂಸಾಬನಿಂದ ಛತ್ರಿ ಹಿಡಿಸಿಕೊಂಡು ಕೂರುತ್ತಿದ್ದರು. ಎಲ್ಲಿ ಕೂತರೆ ಮೀನು ಬೀಳುತ್ತದೆ ಎಂದು ನನ್ನ ಅಜ್ಜನನ್ನು ಕೇಳುವರು. ಅಜ್ಜ ಬಹಳ ಭಕ್ತಿಯಿಂದ ಮೀನಿಲ್ಲದ ಜಾಗ ತೋರಿಸುವನು. ಸಂಜೆ ಅವರು ಬರಿಗೈಲಿ ಏಳುವಾಗ ಬುಟ್ಟಿಗೆ ನಾಲ್ಕು ಒಳ್ಳೆಯ ಮೀನು ಹಾಕಿ ಕಳಿಸುವನು. ಅವರು ಹೈದರಾಬಾದಿಗೆ ಹೋಗಿ ಅದು ತಮ್ಮದೇ ಬೇಟೆ ಎಂದು ಹೇಳಿಕೊಳ್ಳುತ್ತಿದ್ದರಂತೆ. ಕೆರೆ ಉಳಿಯಿತು, ದೊಡ್ಡವರ ಮಾನ ಉಳಿಯಿತು, ನಮ್ಮ ಒಲೆಯೂ ಉರಿಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆಮೇಲೆ ಸರ್ಕಾರ ಬದಲಾಯಿತು, ಜಹಗೀರು ರದ್ದಾಯಿತು, ಕೆರೆ ಪ್ರಜೆಗಳದಾಯಿತು ಎಂದು ಭಾಷಣಗಳಲ್ಲಿ ಕೇಳಿ ಚಪ್ಪಾಳೆ ತಟ್ಟಿದೆವು. ಆದರೆ ಗಾಳ ಯಾಕೋ ರದ್ದಾಗಲಿಲ್ಲ. ಜಹಗೀರದಾರರ ಕೈಯಿಂದ ಅದು ಸೀದಾ ತಮ್ಮ ಕೈಗೆ ವರ್ಗವಾಯಿತು. ಜೊತೆಗೆ ಕರೀಂಸಾಬನೂ ವರ್ಗವಾದ. ಅಂದು ಛತ್ರಿ ಹಿಡಿದವನು ಇಂದು ತಮ್ಮ ಕಚೇರಿಯ ಜವಾನ, ಭಾನುವಾರಗಳಂದು ತಮ್ಮ ಎರೆಯ ಗಡಿಗೆ ಹೊರುತ್ತಾನೆ.

ತಪ್ಪು ತಿಳಿಯಬೇಡಿ. ಮೀನು ಕಡಿಮೆಯಾಗುತ್ತಿದೆ ಎಂದು ತಾವು ಬರೆದದ್ದು ಸುಳ್ಳಲ್ಲ. ನಾವೂ ಸತ್ಯವಂತರ ಕುಲದವರಲ್ಲ. ಮೂರು ವರ್ಷದ ಹಿಂದೆ ನಮ್ಮದೇ ಓಣಿಯ ಮೂವರು ಹುಂಬರು ಕಾರೆಕಾಯಿ ಕುಟ್ಟಿ ನೀರಿಗೆ ಬೆರೆಸಿ, ಸತ್ತು ತೇಲಿದ ಮೀನನ್ನು ಬುಟ್ಟಿಗಟ್ಟಲೆ ಬಾಚಿದರು. ಆಗ ತಮ್ಮ ಇಲಾಖೆ ಹುಟ್ಟಿರಲಿಲ್ಲ. ಹಿರಿಯರು ಕೂತು ಆ ಮೂವರ ಬಲೆಗಳನ್ನು ಒಂದು ವರ್ಷ ಜಂತಿಗೆ ಕಟ್ಟಿಸಿದರು, ಕೆರೆಗೆ ನೀರು ತರುವ ಕಾಲುವೆಯ ಹೂಳನ್ನು ಅವರ ತಲೆಯ ಮೇಲೇ ಹೊರಿಸಿದರು. ಅವರಲ್ಲೊಬ್ಬ ನನ್ನ ಸ್ವಂತ ಚಿಕ್ಕಪ್ಪನ ಮಗ. ಮೊಳೆ ಹೊಡೆದ ಹುಕುಂ ಇಲ್ಲದೆಯೂ ಒಂದು ಕೆರೆಗೆ ಕಾನೂನು ಇರಬಹುದು ಎಂದು ತೋರಿಸಲು ಇದನ್ನು ಬರೆದೆ.

ಆ ಕಾನೂನು ಇನ್ನೂ ಇದೆ. ಹಿರಿಕೆರೆಯಲ್ಲಿ ಒಂದು ಮಡು ಇದೆ. ಎಂಥ ಬೇಸಿಗೆಗೂ ಬತ್ತದ ಆಳ. ಅದು ಯಾವ ಮೂಲೆಯಲ್ಲಿದೆ ಎಂದು ಈ ಪತ್ರದಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದು ಅನುಭವಿಸಿದ್ದೇನೆ, ತಾವು ಕ್ಷಮಿಸಬೇಕು. ಕೆರೆ ಬತ್ತುತ್ತ ಬಂದಾಗ ಉಳಿದ ಮೀನೆಲ್ಲ ಆ ಮಡುವಿಗೆ ಸೇರುತ್ತವೆ. ಬೀಸಿದ ಬಲೆ ಎಳೆಯಲಾರದಷ್ಟು ಮೀನು ಅಲ್ಲಿದ್ದರೂ ನಾವು ಬೀಸುವುದಿಲ್ಲ. ಒಕ್ಕಲಿಗನು ಉಪವಾಸ ಬಿದ್ದರೂ ಬಿತ್ತನೆಯ ಜೋಳವನ್ನು ಬೀಸುವುದಿಲ್ಲವಲ್ಲ, ಹಾಗೆ. ಅದನ್ನು ಬೀಜದ ಮಡು ಎನ್ನುತ್ತೇವೆ. ಇನ್ನು ಮಿರಗದ ಮೊದಲ ಹನಿ ಬಿದ್ದ ದಿನದಿಂದ ನಾಗರಪಂಚಮಿಯವರೆಗೆ ಇಡೀ ಕೆರೆಯಲ್ಲೇ ಬಲೆ ಇಲ್ಲ. ಮೀನು ಮೊಟ್ಟೆ ಇಡುವ ಹೊತ್ತು. ಬಲೆಗಳು ಗೋಡೆಯ ಗೂಟಕ್ಕೆ, ನಾವು ಕಂಡವರ ಹೊಲದ ಕಳೆಗೆ. ಪಂಚಮಿಯ ಮರುದಿನ ಮೊದಲ ಬಲೆ ನಮ್ಮ ಮನೆಯದು. ನನ್ನ ಅಜ್ಜ ಹೆಣೆದ ಬಲೆ, ವರ್ಷವರ್ಷ ಹರಿದಲ್ಲಿ ಕಟ್ಟಿ ಉಳಿಸಿಕೊಂಡದ್ದು. ಅದು ನೀರಿಗೆ ಬೀಳುವವರೆಗೆ ಉಳಿದ ಮೂವತ್ತೊಂಬತ್ತು ಮನೆಯವರು ಕೆರೆಗೆ ಕಾಲಿಡುವುದಿಲ್ಲ.

ಆ ಮೊದಲ ಬಲೆಗೆ ಬಿದ್ದ ಮೊದಲ ಹೆಣ್ಣು ಮೀನನ್ನು ನಾವು ತಿನ್ನುವುದಿಲ್ಲ, ಮಾರುವುದಿಲ್ಲ. ಬಾಲದ ರೆಕ್ಕೆಯ ಅಂಚಿಗೆ ತೆಳುವಾದ ತಾಮ್ರದ ತಂತಿಯ ಉಂಗುರ ಹಾಕಿ ಬೀಜದ ಮಡುವಿಗೆ ಬಿಡುತ್ತೇವೆ. ಪಂಚಮಿಗೆ ಊರ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ, ಇವಳೂ ತನ್ನ ತವರಿಗೆ ಹೋಗಿಬರಲಿ ಎಂದು. ನನ್ನ ಅವ್ವ ಶಿವಕಾಂತಮ್ಮ ಒಂದು ಹಿಡಿ ಹುರಿದ ಜೋಳದ ಅಳ್ಳು ನೀರಿಗೆ ಚೆಲ್ಲಿ, ಮೀನಿಗೆ ಕುಂಕುಮ ಹಚ್ಚಿ ಕಳಿಸುತ್ತಾಳೆ. ಆ ಉಂಗುರವನ್ನು ಕಾಲುಂಗುರ ಎನ್ನುತ್ತೇವೆ. ಮೀನಿಗೆ ಕಾಲಿಲ್ಲ ಎಂಬುದು ನಮಗೂ ಗೊತ್ತು, ಅದನ್ನು ಪತ್ತೆ ಹಚ್ಚಲು ಇಲಾಖೆ ಬೇಕಾಗಿಲ್ಲ. ಉಂಗುರದ ಮೀನು ಮುಂದೆ ಎಂದಾದರೂ ಯಾರ ಬಲೆಗೆ ಬಿದ್ದರೂ, ಅವನು ಕೈ ಮುಗಿದು ಮತ್ತೆ ಮಡುವಿಗೇ ಬಿಡಬೇಕು.

ಈ ರೂಢಿಗೆ ಇನ್ನೊಂದು ಬಾಲವಿದೆ. ಮಡುವಿನ ಜಾಗವನ್ನು ಹೊರಗಿನವರಿಗೆ ಹೇಳಬಾರದು. ನಾನು ಏಪ್ರಿಲ್‌ನಲ್ಲಿ ಅರ್ಜಿ ಬರೆಯಲು ಕೂತಾಗ ಅಪ್ಪ ಎದುರಿಗೇ ಕೂತಿದ್ದ.

"ಪಂಚಮಿ ಆದ ಮ್ಯಾಲ ಬಲಿ ಬಿಡ್ರಿ ಅಂತ ಬರಿ. ಅಷ್ಟು ಸಾಕು. ಮಡುವಿಂದು ಬರೀಬ್ಯಾಡ ಮಾಣಿಕ್ಯಾ. ಮಡುವಿನ ಮಾತು ದಂಡಿ ದಾಟಬಾರ್ದು."

"ಯಪ್ಪಾ, ನಾವು ಮೀನ ಕಾಯ್ತೀವಿ ಅಂದ್ರ ಅವ್ರು ಹೆಂಗ ನಂಬಬೇಕು? ಪುರಾವೆ ಕೊಡಬೇಕಾಗ್ತದ."

"ಪುರಾವೆ ಅಂದ್ರ?"

"ಎಲ್ಲಿ ಕಾಯ್ತೀವಿ, ಹೆಂಗ ಕಾಯ್ತೀವಿ, ಅದೆಲ್ಲ."

"ಮನೀಗಿ ಕೀಲಿ ಹಾಕೀನಿ ಅಂತ ನಂಬಸಲಾಕ ಕೀಲಿಕೈ ಕೊಟ್ಟು ಬರ್ತಾರೇನು?"

ಅಕ್ಷರ ಬಾರದ ಮನುಷ್ಯ, ಕಾನೂನು ಇವನಿಗೇನು ಗೊತ್ತು ಎಂದುಕೊಂಡೆ. ಮಾನ್ಯರೇ, ನಾನು ಮಡುವಿನ ಬಗ್ಗೆ ಬರೆದೆ, ಕಾಲುಂಗುರದ ಬಗ್ಗೆ ಬರೆದೆ, ಅಲ್ಲಿ ಐದಾರು ಸೇರು ತೂಗುವ ಕೊರಮೀನುಗಳಿವೆ ಎಂದು ಹೆಮ್ಮೆಯಿಂದ ಬರೆದೆ. ಅಷ್ಟಕ್ಕೇ ನಿಲ್ಲದೆ ಶಾಲೆಯ ಬಣ್ಣದ ಪೆನ್ಸಿಲ್ ತಂದು ಕೆರೆಯ ನಕ್ಷೆ ಬರೆದೆ. ಬೇವಿನ ಮರ, ಆಪು ಎಂಬ ಜೊಂಡು ಬೆಳೆದ ದಂಡೆ, ಕಾಲುದಾರಿ, ಉತ್ತರ ದಿಕ್ಕಿಗೆ ಒಂದು ಬಾಣ. ಮಡುವಿಗೆ ನೀಲಿ ಬಣ್ಣ ತುಂಬಿದೆ. ಮಕ್ಕಳು ಅಂಥ ನಕ್ಷೆ ಬರೆದಿದ್ದರೆ ನಾನೇ ನೂರಕ್ಕೆ ನೂರು ಕೊಡುತ್ತಿದ್ದೆ. ಅವ್ವ ತಮಗೆಂದು ಕೊಟ್ಟ ಕಮಲಾಪುರದ ಕೆಂಪು ಬಾಳೆಯ ಚಿಪ್ಪಿನ ಜೊತೆಗೆ ಅದನ್ನು ತಮ್ಮ ಮೇಜಿನ ಮೇಲಿಟ್ಟೆ. ತಾವು ಹಣ್ಣು ಸುಲಿಯುತ್ತ ನಕ್ಷೆ ನೋಡಿ, "ಬಹುತ್ ಖೂಬ್ ಮಾಸ್ಟರ್" ಎಂದಿರಿ. ನಾನು ಉಬ್ಬಿಹೋಗಿ ರೋಜಾ ಬಡಾವಣೆಯವರೆಗೆ ನಡೆದು, ದರ್ಗಾದ ಮುಂದಿನ ಹೋಟೆಲಿನಲ್ಲಿ ಒಬ್ಬನೇ ಎರಡು ಕಪ್ ಚಹಾ ಕುಡಿದೆ. ಕೆರೆಯನ್ನು ಉಳಿಸಿಬಿಟ್ಟೆ ಎಂದೇ ನಂಬಿದ್ದೆ.

ಜುಲೈ ಹನ್ನೆರಡು, ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ, ಭಾನುವಾರ. ತಾವು ಇಬ್ಬರು ಸ್ನೇಹಿತರೊಡನೆ ಜೀಪಿನಲ್ಲಿ ಬಂದಿರಿ. ಕಟ್ಟೆಯ ಮೇಲೆ ನಿಲ್ಲಲಿಲ್ಲ, ಯಾರನ್ನೂ ದಾರಿ ಕೇಳಲಿಲ್ಲ. ಕೈಯಲ್ಲಿ ಕಾಗದ ಹಿಡಿದು, ಆಪಿನ ನಡುವೆ ಹಾದು, ಸೀದಾ ಮಡುವಿನ ದಂಡೆಗೆ ಹೋದಿರಿ. ಹಿಂದೆ ಕರೀಂಸಾಬ್, ಅವನ ಕೈಯಲ್ಲಿ ಜೀವಂತ ಕಪ್ಪೆಗಳ ಗಡಿಗೆ. ಆಚೆ ದಂಡೆಯಲ್ಲಿ ಕೂತಿದ್ದ ನನ್ನ ಅಪ್ಪ ಇದನ್ನೆಲ್ಲ ನೋಡಿದ.

ಕೊರಮೀನಿನ ಗುಣ ತಮಗೆ ಗೊತ್ತಿರಬೇಕು, ತಾವು ತಜ್ಞರು. ಮುಂದೆ ಈ ಕಡತ ತೆರೆದು ಓದುವ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಾವಿನಂಥ ತಲೆಯ ಈ ಕರಿಯ ಮೀನು ಉಳಿದ ಮೀನುಗಳಂತೆ ಮೊಟ್ಟೆ ಇಟ್ಟು ಹೋಗಿಬಿಡುವುದಿಲ್ಲ. ಮರಿಗಳು ಕೆಂಪಗೆ ಗುಂಪಾಗಿ ನೀರಿನ ಮೇಲೆ ಆಡುತ್ತಿದ್ದರೆ, ಕೆಳಗೆ ಕಾವಲಿರುತ್ತದೆ. ಮರಿಗಳ ಹತ್ತಿರ ಏನೇ ಬಂದರೂ ಮೇಲೆ ಬೀಳುತ್ತದೆ. ತಾವು ಕಪ್ಪೆಯನ್ನು ಸರಿಯಾಗಿ ಆ ಕೆಂಪು ಗುಂಪಿನ ನಡುವೆ ಇಳಿಬಿಟ್ಟಿರಿ. ಅವಳು ಹಸಿವೆಯಿಂದ ಅಲ್ಲ, ಸಿಟ್ಟಿನಿಂದ ಬಾಯಿ ಹಾಕಿದಳು. ತಾಯಿಯ ಸಿಟ್ಟನ್ನು ಬಳಸಿ ತಾಯಿಯನ್ನು ಹಿಡಿಯುವುದಕ್ಕೆ ಕ್ರೀಡೆ ಎಂದು ಹೆಸರಿದ್ದರೆ ನನಗೆ ಕ್ರೀಡೆಯ ವಿಷಯ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಆರು ಸೇರಿನ ಮೀನು. ಫೋಟೋ ತೆಗೆಸಿಕೊಂಡಿರಿ. ಸಂಜೆ ಬಂಗಲೆಯಲ್ಲಿ ಹುರಿಸಿಕೊಂಡು ತಿಂದಿರಿ. ರುಚಿಯಾಗಿತ್ತೇ?

ಹುರಿಯುವ ಮುಂಚೆ ಬಾಲದಲ್ಲಿ ತಾಮ್ರದ ಉಂಗುರ ಸಿಕ್ಕಿತು. ನನ್ನ ಅರ್ಜಿಯನ್ನು ಪೂರ್ತಿ ಓದಿದ್ದ ತಮಗೆ ಅದು ಏನೆಂದು ಗೊತ್ತಿತ್ತು. ಆದರೂ ಮರುದಿನ ತಾವು ಬರೆಸಿದ ವರದಿಯಲ್ಲಿ ಏನಿದೆ? ಸಂರಕ್ಷಿತ ಮೀನಿನ ದೇಹದಲ್ಲಿ ತಂತಿ ಸಿಕ್ಕಿದ್ದರಿಂದ, ಅದನ್ನು ಯಾರೋ ಹಿಂದೆಯೇ ಬಲೆಯಿಂದ ಹಿಡಿದದ್ದು ಸಿದ್ಧವಾಗುತ್ತದೆ. ಹಿಡಿದವರು ಯಾರೆಂಬುದಕ್ಕೆ ಪುರಾವೆ? ನನ್ನ ಅರ್ಜಿಯ ಮೂರನೆಯ ಪುಟ! "ಮೊದಲ ಮೀನನ್ನು ನನ್ನ ತಂದೆಯೇ ಹಿಡಿದು ಉಂಗುರ ತೊಡಿಸುತ್ತಾರೆ" ಎಂಬ ಸಾಲಿನ ಕೆಳಗೆ ಕೆಂಪು ಶಾಯಿಯ ಗೆರೆ. ಹಿಡಿದದ್ದು ಹೋದ ವರ್ಷದ ಪಂಚಮಿಗೆ, ತಮ್ಮ ಹುಕುಂ ಹುಟ್ಟುವ ಎಂಟು ತಿಂಗಳ ಮೊದಲು ಎಂಬ ಸಾಲು ಅದರ ಕೆಳಗೇ ಇತ್ತು. ಕೆಂಪು ಶಾಯಿ ಅಷ್ಟರಲ್ಲಿ ತೀರಿತ್ತೆಂದು ಕಾಣುತ್ತದೆ. ಮೀನನ್ನು ಬಿಟ್ಟವನು ಅಪರಾಧಿ, ತಿಂದವನು ಫಿರ್ಯಾದಿ. ಸುದ್ದಿ ತಿಳಿದಾಗ ನನ್ನ ಅವ್ವ ಒಂದೇ ಪ್ರಶ್ನೆ ಕೇಳಿದಳು, ಅದನ್ನು ಅವಳ ಮಾತಿನಲ್ಲೇ ತಮಗೆ ಮುಟ್ಟಿಸುತ್ತೇನೆ: "ಬಿಟ್ಟಿದ್ದಕ್ಕ ಕೇಸು ಅಂದ್ರ, ತಿಂದಿದ್ದಕ್ಕ ಏನ್ ಇನಾಮು ಕೊಡ್ತಾರಂತ?"

ಆ ವಾರವೇ ತಮ್ಮ ಸಿಬ್ಬಂದಿ ಬಂದು ಅಪ್ಪನ ಬಲೆಯನ್ನು ಜಪ್ತಿ ಮಾಡಿದರು. ಅದು ಗೂಟದ ಮೇಲಿತ್ತು. ಒಣಗಿ ಗರಿಗರಿಯಾಗಿತ್ತು. ಮಡಿಕೆಗಳ ನಡುವೆ ಜೇಡ ತನ್ನದೂ ಒಂದು ಬಲೆ ಕಟ್ಟಿಕೊಂಡಿತ್ತು. ಒಂದು ತಿಂಗಳಿನಿಂದ ಈ ಬಲೆ ನೀರು ಕಂಡಿಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ತಮ್ಮವರು ಸಾಕ್ಷಿಯನ್ನು ಪೊರಕೆಯಿಂದ ಗುಡಿಸಿ, ಬಲೆಯನ್ನು ಚೀಲಕ್ಕೆ ತುಂಬಿ, ಅರಗಿನ ಮೊಹರು ಒತ್ತಿಕೊಂಡು ಹೋದರು.

ನಂತರದ ರವಿವಾರ ಕರೀಂಸಾಬ್ ನನ್ನ ಕೋಣೆಗೆ ಬಂದ. ಬಾಗಿಲಲ್ಲೇ ನಿಂತ, ಒಳಗೆ ಬರಲೊಲ್ಲ.

"ಖುದಾ ಕಸಂ ಮಾಸ್ತರ್, ಜಾಗಾ ನಾ ತೋರ್ಸಿಲ್ಲ. ಸಾಹೇಬರ ಕಿಸೆದಾಗ ನಿಮ್ಮ ಕಾಗದಾನೇ ಇತ್ತು. ನೀಲಿ ಬಣ್ಣ ಹಚ್ಚಿದ್ದು."

"ನನಗ ಗೊತ್ತದ ಚಾಚಾ."

"ನಿಮ್ಮಪ್ಪಗ ಹೇಳ್ರಿ. ಅಂವ ನನ್ನ ಮ್ಯಾಲ ಅನುಮಾನ ಮಾಡಬಾರ್ದು. ನಾ ಆ ಮಡುವಿನ ಉಪ್ಪು ತಿಂದೀನಿ."

ಅವನು ಆ ಮಾತು ಏಕೆ ಹೇಳಿದ ಎಂದು ತಮಗೆ ಗೊತ್ತಾಗಲಿಕ್ಕಿಲ್ಲ, ಅದು ನನ್ನ ಅರ್ಜಿಯಲ್ಲಿ ಇರಲಿಲ್ಲ. ೧೯೪೮ರ ಸೆಪ್ಟೆಂಬರ್. ರಜಾಕಾರರು ಮಾಡಿದ್ದರ ಸೇಡನ್ನು ಜನ ಏನೂ ಮಾಡದವರ ಮೇಲೆ ತೀರಿಸಿಕೊಳ್ಳುತ್ತಿದ್ದ ದಿನಗಳು. ಕರೀಂಸಾಬನನ್ನೂ ಅವನ ಹೆಂಡತಿಯನ್ನೂ ನನ್ನ ಅಪ್ಪ ಮೂರು ದಿನ ಮಡುವಿನ ದಂಡೆಯ ಆಪಿನಲ್ಲಿ ಬಚ್ಚಿಟ್ಟ. ಅವ್ವ ರೊಟ್ಟಿಯನ್ನು ಮೀನಿನ ಬುಟ್ಟಿಯ ಅಡಿಗಿಟ್ಟು ಒಯ್ಯುತ್ತಿದ್ದಳು. ಆ ಮೂರು ದಿನ ಕರೀಂಸಾಬ್ ಮಡುವನ್ನು, ಅದರ ಮೀನನ್ನು, ತಾಮ್ರದ ಉಂಗುರಗಳ ಹೊಳಪನ್ನು ಕಣ್ಣಾರೆ ಕಂಡಿದ್ದಾನೆ. ಎರಡು ವರ್ಷದಿಂದ ತಮ್ಮ ಎರೆಯ ಗಡಿಗೆ ಹೊರುತ್ತಿದ್ದಾನೆ. ದೊಡ್ಡ ಮೀನು ಎಲ್ಲಿದೆ ಎಂದು ತಾವು ಅವನನ್ನು ಎಷ್ಟು ಸಲ ಕೇಳಿದ್ದೀರಿ? ಒಂದು ಮಾತು ಹೇಳಿದ್ದರೆ ಬಡ್ತಿ ಸಿಗುತ್ತಿತ್ತೋ ಏನೋ. ಅವನು ಅದನ್ನು ಐದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ. ಓದಿ ಬರೆದು ಬುದ್ಧಿವಂತನಾದ ಮಾಪಣ್ಣನ ಮಗ ಅದನ್ನು ನಾಲ್ಕು ಪುಟಗಳಲ್ಲಿ, ನಕ್ಷೆ ಸಮೇತ, ಕಕ್ಕಿಬಿಟ್ಟ. ಕರೀಂಸಾಬನ ಮುಖವನ್ನು ಅಂದು ನಾನು ನೇರವಾಗಿ ನೋಡಲಾರದೆ ಹೋದೆ. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತಿದೆ.

ಬಲೆ ಬಿಡಿಸಲು ತಮ್ಮ ಕಚೇರಿಗೆ ನಾಲ್ಕು ಸಲ ಬಂದಿದ್ದೇನೆ. ಅದು ತಮ್ಮ ಹಿರಿಯ ಗುಮಾಸ್ತರಾದ ಬ್ರಹ್ಮಪುರದ ಪ್ರಹ್ಲಾದರಾಯರ ಕಪಾಟಿನಲ್ಲಿದೆ. ಪಾಪ, ಅವರು ಏಕಾದಶಿ ಮಾಡುವ ವೈಷ್ಣವರು. ಮೂಗಿಗೆ ಶಲ್ಯ ಹಿಡಿದುಕೊಂಡು ಕಡತ ಬರೆಯುತ್ತಿದ್ದರು.

"ಮಾಸ್ತರ, ನಾ ಉಳ್ಳಾಗಡ್ಡಿ ಸುದ್ದಾ ತಿನ್ನಾಂವಲ್ರಿ. ನನ್ನ ಕಪಾಟಿನ್ಯಾಗ ನಿಮ್ಮಪ್ಪನ ಬಲಿ ಇಟ್ಟಾರ. ಮನೀಗಿ ಹೋದ್ರ ನಮ್ಮಾಕಿ ಪಾರ್ವತೀಬಾಯಿ ಹೊರಗ ನಿಂದ್ರಿಸಿ ತಲೀಮ್ಯಾಲ ನೀರ ಹಾಕ್ತಾಳ್ರಿ."

"ಹಂಗಾರ ಕೊಟ್ಟುಬಿಡ್ರಿ ರಾಯರ. ಇಬ್ಬರಿಗೂ ಪುಣ್ಯ."

"ನಾ ಕೊಡಾಂವ ಯಾರ್ರಿ? ಸಾಹೇಬರ ಸಹಿ ಬೇಕು."

"ಸಾಹೇಬರು ಎಲ್ಲಿ?"

ರಾಯರು ಸುತ್ತ ನೋಡಿ, ದನಿ ತಗ್ಗಿಸಿದರು. "ಕೆರಿ ತಪಾಸಣಿಗಿ ಹೋಗ್ಯಾರ. ಕೋಲು ತಗೊಂಡು."

ಸೃಷ್ಟಿಯನ್ನು ಉಳಿಸಲು ಭಗವಂತನೇ ಮೊದಲು ಮೀನಾಗಿ ಬಂದನೆಂದು ರಾಯರ ಪುರಾಣ ಹೇಳುತ್ತದೆ. ಅವನು ಹಿರಿಕೆರೆಗೆ ಬಂದಿದ್ದರೆ ಗತಿ ಏನಾಗುತ್ತಿತ್ತು ಎಂದು ನಾವಿಬ್ಬರೂ ಸ್ವಲ್ಪ ಹೊತ್ತು ಯೋಚಿಸಿದೆವು. ಆಮೇಲೆ ರಾಯರು ಕಡತ ಬಿಚ್ಚಿ ತೋರಿಸಿದರು. ತಾಮ್ರದ ಕಾಲುಂಗುರವನ್ನು ನನ್ನ ಅರ್ಜಿಗೆ ಟಾಚಣಿಯಿಂದ ಚುಚ್ಚಿಟ್ಟಿದ್ದಾರೆ.

ಬೇರೆ ಬಲೆಯಿಂದ ಕೆಲಸ ಶುರು ಮಾಡಬಾರದೇ ಎಂದು ತಾವು ಕೇಳಬಹುದು. ನಾನೂ ಹಾಗೇ ಕೇಳಿದೆ. ಪಕ್ಕದ ಮನೆಯ ಮಹಾದೇವಪ್ಪ ಕಾಕಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಮಾಸ್ತರ, ನೀ ಒಮ್ಮೆ ಶಾಣ್ಯಾತನ ಮಾಡಿದ್ದು ಸಾಕು" ಎಂದರು. ಪಂಚಮಿಗೆ ಇನ್ನು ಹನ್ನೊಂದು ದಿನ. ಉಳಿದ ಮೂವತ್ತೊಂಬತ್ತು ಮನೆಯ ಬಲೆಗಳು ಗೂಟದ ಮೇಲೆ, ಪ್ರಹ್ಲಾದರಾಯರ ಕಪಾಟಿನ ಬಾಗಿಲು ನೋಡುತ್ತಿವೆ. ಹಿರಿಯರು ಕದ್ದು ಬೀಸುವವರಲ್ಲ. ಆದರೆ ಹೊಟ್ಟೆ ಹಸಿದ ಹುಡುಗರು ಈ ರೂಢಿ ಯಾರಿಗೆ ಬೇಕು ಎಂದು ಆಗಲೇ ಗೊಣಗುತ್ತಿದ್ದಾರೆ. ಮೊದಲ ಬಲೆಯ ಕಟ್ಟು ಒಮ್ಮೆ ಮುರಿದರೆ ಮಡುವಿನ ಕಟ್ಟೂ ಮುರಿಯುತ್ತದೆ, ಮತ್ತೆ ಕಾರೆಕಾಯಿ ನೀರಿಗೆ ಬೀಳುತ್ತದೆ. ಆಗ ತಮ್ಮ ವರದಿಯಲ್ಲಿ ಬರೆದದ್ದೆಲ್ಲ ನಿಜವಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲದವನು ಎಷ್ಟು ದಿನ ಕಾಯುತ್ತಾನೆ?

ತಮ್ಮ ಗಾಳವನ್ನು ಮುರಿದು ಒಲೆಗೆ ಹಾಕಿ ಎಂದು ನಾನು ಕೇಳುತ್ತಿಲ್ಲ. ಕೆರೆ ನನ್ನ ಅಪ್ಪನ ಸ್ವತ್ತಲ್ಲ, ತಮ್ಮದೂ ಅಲ್ಲ. ಪಂಚಮಿ ಆದ ಮೇಲೆ ತಮ್ಮ ಸ್ನೇಹಿತರ ಜೊತೆ ಧಾರಾಳವಾಗಿ ಬನ್ನಿ. ಕಟ್ಟೆಯ ಮೇಲೆ ಬೇವಿನ ನೆರಳಿದೆ, ಕುರ್ಚಿ ಹಾಕಿಸುತ್ತೇವೆ. ಎಲ್ಲಿ ಕೂರಬೇಕೆಂದು ಅಪ್ಪ ತೋರಿಸುತ್ತಾನೆ, ಏನೂ ಬೀಳದಿದ್ದರೆ ಬುಟ್ಟಿಗೆ ನಾಲ್ಕು ಹಾಕಿ ಕಳಿಸುವುದೂ ಅವನಿಗೆ ವಂಶದಿಂದ ಬಂದ ವಿದ್ಯೆ. ಆದರೆ ಮಿರಗದಿಂದ ಪಂಚಮಿಯವರೆಗೆ ಬಲೆಗೆ ರಜೆ ಎಂದರೆ ಗಾಳಕ್ಕೂ ರಜೆ. ಬೀಜದ ಮಡುವಿಗೆ ಬಲೆ ಬೇಡ ಎಂದರೆ ಗಾಳವೂ ಬೇಡ, ವರ್ಷದ ಯಾವ ದಿನವೂ ಬೇಡ, ಪರವಾನಗಿಗೆ ಇಬ್ಬರಲ್ಲ ಇಪ್ಪತ್ತು ಅಧಿಕಾರಿಗಳು ಸಹಿ ಮಾಡಿದರೂ ಬೇಡ. ಪಂಚಮಿಯ ಮರುದಿನದಿಂದ ಬಲೆ ಬೀಸಬಹುದೆಂದು ಹುಕುಂ ತಿದ್ದಿ. ಈ ಸಲ ಕನ್ನಡದಲ್ಲೂ ಬರೆಸಿ. ಬಲೆಯನ್ನು ಪಂಚಮಿಯೊಳಗೆ ಕೊಡಿ. ಕಡತದಲ್ಲಿ ಚುಚ್ಚಿಟ್ಟ ಕಾಲುಂಗುರವನ್ನೂ ಕೊಡಿ, ಅದು ಪುರಾವೆಯಲ್ಲ, ಒಬ್ಬಳ ಮೈಮೇಲಿನದು. ನನ್ನ ನಕ್ಷೆಯನ್ನು ತಾವೇ ಹರಿದು ಹಾಕಿದರೆ ಉಪಕಾರ.

ಒಂದು ವಿಷಯ ಉಳಿಯಿತು. ಅಪ್ಪನ ಮೇಲೆ ತಮ್ಮ ಕಚೇರಿಯಿಂದ ಎರಡನೆಯ ನೋಟೀಸು ಬಂದಿದೆ, ದಿನವೂ ನಿಷಿದ್ಧ ಜಾಗದಲ್ಲಿ ಕೂರುತ್ತಾನೆ ಎಂದು. ನಿಜ, ಕೂರುತ್ತಾನೆ. ಜುಲೈ ಹನ್ನೆರಡರಿಂದ ಕೂರುತ್ತಿದ್ದಾನೆ. ತಾಯಿ ಹೋದ ಮೇಲೂ ಆ ಕೆಂಪು ಮರಿಗಳು ಅದೇ ಜಾಗದಲ್ಲಿ ಗುಂಪಾಗಿ ಸುತ್ತುತ್ತಿದ್ದವು. ಕೊಕ್ಕರೆ, ಮಿಂಚುಳ್ಳಿಗಳಿಗೆ ಅಂಥ ಹಬ್ಬ ಬೇರೆ ಇಲ್ಲ. ಅಪ್ಪ ಬೆಳಗಾದರೆ ದಂಡೆಗೆ ಹೋಗಿ, ಹೆಗಲ ಮೇಲಿನ ವಲ್ಲಿಯನ್ನು ಬೀಸಿ ಬೀಸಿ ಹಕ್ಕಿ ಓಡಿಸುತ್ತಾನೆ. ನೀರಿನ ಒಳಗಿನ ಶತ್ರುಗಳಿಗೆ ಅವನೇನೂ ಮಾಡಲಾರ. ಅರವತ್ತೆರಡು ವರ್ಷದ ಮುದುಕ, ಮೀನಿನ ಮರಿಗಳಿಗೆ ತಾಯಾಗಿ ಕೂತಿದ್ದಾನೆ, ತಮ್ಮ ಕಾವಲುಗಾರ ಅವನ ಹೆಸರು ಬರೆದುಕೊಂಡು ಹೋಗುತ್ತಾನೆ.

ಅರ್ಜಿಯ ಬಗ್ಗೆ ಅಪ್ಪ ನನಗೆ ಒಂದು ಮಾತೂ ಬೈದಿಲ್ಲ. ಮೂರು ವಾರದಿಂದ ಮಾತೇ ಆಡಿರಲಿಲ್ಲ. ನಿನ್ನೆ ಭಾನುವಾರ ಕಮಲಾಪುರಕ್ಕೆ ಹೋಗಿ, ಮಡುವಿನ ದಂಡೆಯಲ್ಲಿ ಅವನ ಪಕ್ಕ ಕೂತೆ.

"ಎಷ್ಟು ಉಳಿದಾವ ಯಪ್ಪಾ?"

"ಎಣಸಬಾರ್ದು."

ಕೊಕ್ಕರೆಯೊಂದು ಇಳಿಯಿತು, ಅಪ್ಪ ವಲ್ಲಿ ಬೀಸಿ ಓಡಿಸಿದ. ಆಮೇಲೆ ಎದ್ದು, ಮೊಣಕಾಲು ಹಿಡಿದುಕೊಂಡು ನಿಂತು, ವಲ್ಲಿಯನ್ನು ನನ್ನ ಕೈಗೆ ಕೊಟ್ಟ.

"ನಾ ಒಂದು ರೊಟ್ಟಿ ತಿಂದು ಬರ್ತೀನಿ. ಅಲ್ಲೀತನಕ ನೀ ಕಾಯಿ."

ಅವನು ನನ್ನನ್ನು ಕ್ಷಮಿಸಿದ್ದು ಅಷ್ಟರಲ್ಲೇ ಆಯಿತು. ಅವನು ತಿರುಗಿ ಬರುವವರೆಗೆ, ಸುಮಾರು ಅರ್ಧ ಗಂಟೆ, ತಮ್ಮ ಹುದ್ದೆಯ ಕೆಲಸವನ್ನು ನಾನು ಮಾಡಿದೆ. ಕಷ್ಟವೇನಿಲ್ಲ ಮಾನ್ಯರೇ. ನೆರಳಿರುವ ಕಡೆ ಕೂರಬೇಕು. ಕೊಕ್ಕರೆ ಬಂದರೆ ವಲ್ಲಿ ಬೀಸಬೇಕು. ಗಾಳ ಹಾಕಬಾರದು.

ಇಂತಿ,
ತಾಯಿಮೀನಿನ ಮನೆಯ ವಿಳಾಸವನ್ನು ತಮಗೆ ಬಣ್ಣ ತುಂಬಿ ಬರೆದುಕೊಟ್ಟ,
ಮಾಪಣ್ಣನ ಮಗ ಮಾಣಿಕಪ್ಪ ಮಾಸ್ತರ